ಬೇಸ್‌ಬಾಲ್ ನೋಡುವ ಸುಖಕ್ಕೆ ಅಂಕಿ-ಅಂಶ ಪೂರಕವೋ, ಮಾರಕವೋ?

ಮೂರನೇ ಬೇಸ್:

ಬೇಸ್‌ಬಾಲ್ ಅಭಿಮಾನಿಗಳಲ್ಲಿ ಎಂದೂ ಬಗೆಹರಿಯದ ತಕರಾರೊಂದನ್ನು ಇಲ್ಲಿ ಎತ್ತುತ್ತಿದ್ದೇನೆ. ಅಂಕಿ-ಅಂಶಗಳು ಈ ಆಟವನ್ನು ನೋಡುವ ಸುಖವನ್ನು ಹೆಚ್ಚಿಸುತ್ತವೆಯೇ, ಕೆಡಿಸುತ್ತವೆಯೇ? ಕೆಡಿಸುತ್ತವೆ ಎಂಬುದು ನನ್ನ ಪಕ್ಷ. ಅದಕ್ಕೆ ನೂರು ಪಂದ್ಯಗಳ ಸಾಕ್ಷಿ ಬೇಕಿಲ್ಲ; ಒಂದೇ ಇನಿಂಗ್ಸ್ ಸಾಕು.

2020ರ ಅಕ್ಟೋಬರ್ 27ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಋತುವಿನ ಪ್ರಶಸ್ತಿಯನ್ನು ನಿರ್ಧರಿಸುವ, ನಾಲ್ಕು ಪಂದ್ಯ ಮೊದಲು ಗೆದ್ದವರದಾಗುವ ವರ್ಲ್ಡ್ ಸೀರೀಸ್ ಸರಣಿಯ ಆರನೇ ಪಂದ್ಯ ನಡೆಯಿತು. ಸರಣಿಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ 3-2ರಿಂದ ಮುಂದಿದ್ದುದರಿಂದ ಟ್ಯಾಂಪಾ ಬೇ ರೇಸ್ ಅಂದು ಗೆಲ್ಲಲೇಬೇಕಿತ್ತು. ಮೊದಲ ಇನಿಂಗ್ಸ್‌ನಲ್ಲಿ ರ‍್ಯಾಂಡಿ ಅರೋಜರೇನಾ ಹೊಡೆದ ಹೋಂ ರನ್‌ನಿಂದ (ಬೇಲಿ ದಾಟುವ ಹೊಡೆತ, ಕ್ರಿಕೆಟ್‌ನ ಸಿಕ್ಸರ್‌ನಂತೆ) ರೇಸ್ ತಂಡಕ್ಕೆ 1-0 ಮುನ್ನಡೆ ದೊರಕಿತ್ತು, ಮತ್ತು ಅವರ ಪಿಚರ್ (ಚೆಂಡೆಸೆಯುವವರು) ಬ್ಲೇಕ್ ಸ್ನೆಲ್ ಆ ಒಂದು ರನ್ನನ್ನೇ ಕಾಯ್ದುಕೊಂಡು ಬಂದಿದ್ದರು. ಐದು ಇನಿಂಗ್ಸ್ ದಾಟಿದರೂ ಅವರಿಂದ ಎದುರಾಳಿಗಳಿಗೆ ದಕ್ಕಿದ್ದು ಎರಡೇ ಹಿಟ್, ಅಂದರೆ ಬ್ಯಾಟರ್ ಸುರಕ್ಷಿತವಾಗಿ ಬೇಸ್ ಸೇರುವ ಹೊಡೆತ. ಒಂಬತ್ತು ಬಾರಿ ಬ್ಯಾಟರ್‌ಗಳು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆಗಿದ್ದರು. ಎಸೆದ ಪಿಚ್‌ಗಳು (ಎಸೆತಗಳು) ಕೇವಲ 73. ಆರನೇ ಇನಿಂಗ್ಸ್‌ನಲ್ಲಿ ಒಬ್ಬರು ಔಟಾದ ಮೇಲೆ ಆಸ್ಟಿನ್ ಬಾರ್ನ್ಸ್ ಎರಡನೆಯ ಆ ಹಿಟ್ ಹೊಡೆದು ಮೊದಲ ಬೇಸ್ ಸೇರಿದರು. ಮುಂದೆ ಬರಬೇಕಿದ್ದವರು ಮೂಕಿ ಬೆಟ್ಸ್, ಕೋರಿ ಸೀಗರ್ ಮತ್ತು ಜಸ್ಟಿನ್ ಟರ್ನರ್. ಈ ಮೂವರೂ ಅಂದು ಸ್ನೆಲ್ ಎದುರು ತಲಾ ಎರಡೆರಡು ಬಾರಿ ಸ್ಟ್ರೈಕ್‌ಔಟ್ ಆಗಿದ್ದವರು.

ಆಗ ರೇಸ್ ಮ್ಯಾನೇಜರ್ ಕೆವಿನ್ ಕ್ಯಾಶ್ ಡಗೌಟ್‌ನಿಂದ (ತಂಡದವರು ಕೂರುವ ಜಾಗ) ಎದ್ದು ಬಂದು ಸ್ನೆಲ್ ಕೈಯಿಂದ ಚೆಂಡನ್ನು ತೆಗೆದುಕೊಂಡು ಅವರನ್ನು ಹೊರಗೆ ಕಳಿಸಿದರು. ಒಬ್ಬ ಪಿಚರನ್ನು ಅದೇ ಬ್ಯಾಟರ್‌ಗಳು ಒಂದೇ ಪಂದ್ಯದಲ್ಲಿ ಮೂರನೇ ಬಾರಿ ಎದುರಿಸಿದಾಗ ಚೆನ್ನಾಗಿ ಹೊಡೆಯುತ್ತಾರೆ ಎಂಬುದು ಅಂಕಿ-ಅಂಶದ ಸಿದ್ಧಾಂತ, ಮತ್ತು ರೇಸ್ ತಂಡವನ್ನು ಕಟ್ಟಿದ್ದೇ ಇಂತಹ ಸಿದ್ಧಾಂತಗಳ ಮೇಲೆ. ಬದಲಿಗೆ ಬಂದ ನಿಕ್ ಆಂಡರ್ಸನ್‌ಗೆ ಬೆಟ್ಸ್ ಡಬಲ್ (ಎರಡನೇ ಬೇಸ್ ತಲುಪಿಸುವ ಹಿಟ್) ಹೊಡೆದರು. ಕ್ಯಾಚರ್ ಕೈಗೆ ಸಿಗದ ವೈಲ್ಡ್ ಪಿಚ್ ಒಂದರಲ್ಲಿ ಬಾರ್ನ್ಸ್ ಹೋಂ ಪ್ಲೇಟ್ ಸೇರಿ ರನ್ ಗಳಿಸಿ ಪಂದ್ಯ ಸಮವಾಯಿತು. ಸೀಗರ್ ಹೊಡೆದ ನೆಲದ ಚೆಂಡಿನಲ್ಲಿ ಬೆಟ್ಸ್ ಕೂಡ ಓಡಿ ಬಂದರು. ಕೊನೆಗೆ 3-1ರಿಂದ ಗೆದ್ದ ಡಾಡ್ಜರ್ಸ್ ಸರಣಿಯನ್ನೂ ಗೆದ್ದಿತು. ರೇಸ್ ಸೋತದ್ದಕ್ಕೆ ನನಗೆ ಬೇಸರವಿಲ್ಲ. ಸ್ನೆಲ್ ಮತ್ತು ಬೆಟ್ಸ್ ನಡುವಿನ ಮೂರನೇ ಮುಖಾಮುಖಿಯನ್ನು ನೋಡಲೆಂದೇ ಅಷ್ಟು ಹೊತ್ತು ಕೂತಿದ್ದೆವು. ಅದನ್ನು ನಮ್ಮಿಂದ ಕಿತ್ತುಕೊಂಡದ್ದು ಒಂದು ಕೋಷ್ಟಕ.

ಪೆನ್ಸಿಲ್ ಮತ್ತು ಸ್ಕೋರ್‌ಕಾರ್ಡ್:

ಮೂರನೇ ಬೇಸ್ ಅವರೇ, ಆ ಇನಿಂಗ್ಸ್ ಬಗ್ಗೆ ನೀವು ಬರೆದಿರುವ ವಾಕ್ಯಗಳನ್ನೇ ಮತ್ತೊಮ್ಮೆ ಓದಿ ನೋಡಿ. ಎರಡು ಹಿಟ್, ಒಂಬತ್ತು ಸ್ಟ್ರೈಕ್‌ಔಟ್, 73 ಪಿಚ್, ಮೂವರೂ ಎರಡೆರಡು ಬಾರಿ ಔಟ್: ಇವನ್ನೆಲ್ಲ ತೆಗೆದುಬಿಟ್ಟರೆ ನಿಮ್ಮ ಸಿಟ್ಟಿಗೆ ಆಧಾರವೇ ಉಳಿಯುವುದಿಲ್ಲ. ಅಂಕಿಗಳನ್ನು ದೂರುವುದಕ್ಕೂ ನಿಮಗೆ ಅಂಕಿಗಳೇ ಬೇಕಾದವು.

ಅದು ಆಕಸ್ಮಿಕವೂ ಅಲ್ಲ. ಈ ಆಟ ಮೊದಲಿನಿಂದಲೂ ಲೆಕ್ಕದ ಜೊತೆಯಲ್ಲೇ ಬೆಳೆದದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕ್ ಪ್ರದೇಶದಲ್ಲಿ ಪತ್ರಕರ್ತರಾಗಿದ್ದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿ ಮಾಡುತ್ತಿದ್ದವರು. ಕ್ರಿಕೆಟ್‌ನ ಸ್ಕೋರ್‌ಪಟ್ಟಿಯ ಮಾದರಿಯನ್ನು ಬೇಸ್‌ಬಾಲ್‌ಗೆ ಒಗ್ಗಿಸಿ ಬಾಕ್ಸ್ ಸ್ಕೋರ್ ಎಂಬುದನ್ನು ರೂಪಿಸಿದ್ದು ಅವರೇ. ರೇಡಿಯೋ ಇಲ್ಲದ ಕಾಲದಲ್ಲಿ ಪಂದ್ಯ ನೋಡದವರು ಮರುದಿನ ಪತ್ರಿಕೆಯ ಆ ಪುಟ್ಟ ಪಟ್ಟಿಯನ್ನು ಓದಿಯೇ ಇಡೀ ಪಂದ್ಯವನ್ನು ಮನಸ್ಸಿನಲ್ಲಿ ಮತ್ತೆ ಆಡಿಸಿಕೊಳ್ಳುತ್ತಿದ್ದರು.

ನಾನು ಮೈದಾನಕ್ಕೆ ಹೋದಾಗ ಇಂದಿಗೂ ಸ್ಕೋರ್‌ಕಾರ್ಡ್ ಹಿಡಿದು ಕೂರುತ್ತೇನೆ. ಪಿಚರ್ 1, ಕ್ಯಾಚರ್ 2, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) 6 ಎಂದು ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆ ಇದೆ. ಚೆಂಡು ಶಾರ್ಟ್‌ಸ್ಟಾಪ್ ಕೈಗೆ ಹೋಗಿ, ಅಲ್ಲಿಂದ ಎರಡನೇ ಬೇಸ್‌ಮನ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ ಬಂದು ಇಬ್ಬರು ಔಟಾದರೆ 6-4-3 ಎಂದು ಬರೆದರಾಯಿತು. ಬ್ಯಾಟ್ ಬೀಸದೆಯೇ ಮೂರನೇ ಸ್ಟ್ರೈಕ್ ಬಿಟ್ಟುಕೊಟ್ಟವರಿಗೆ ಸ್ಟ್ರೈಕ್‌ಔಟ್‌ನ ಗುರುತಾದ ‘ಕೆ’ (K) ಅಕ್ಷರವನ್ನು ತಿರುಗಿಸಿ ಬರೆಯುವ ಪದ್ಧತಿ. ಇಷ್ಟು ಬರೆಯಬೇಕಾದರೆ ಪ್ರತಿ ಪಿಚ್ ಮೇಲೂ ಕಣ್ಣಿಡಬೇಕು. ಪಕ್ಕದ ಸಾಲಿನವರು ಮೊಬೈಲ್ ನೋಡುತ್ತ, ಬಿಯರ್ ತರಲು ಎದ್ದು ಹೋಗುತ್ತ ಅರ್ಧ ಆಟವನ್ನು ಕಳೆದುಕೊಂಡಿರುತ್ತಾರೆ. ಲೆಕ್ಕ ಬರೆಯುವ ನಾನು ಆಟವನ್ನು ನೋಡುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಹಳೇ ಟೆಸ್ಟ್ ಪ್ರೇಕ್ಷಕ:

ನಾನು ಬೆಂಗಳೂರಿನಲ್ಲಿ ಟೆಸ್ಟ್ ಕ್ರಿಕೆಟ್ ನೋಡುತ್ತ ಬೆಳೆದವನು. ಅಮೆರಿಕಕ್ಕೆ ಬಂದ ಮೇಲೆ ಬೇಸ್‌ಬಾಲ್ ರುಚಿ ಹತ್ತಿತು. ಚಾಡ್ವಿಕ್ ಅವರ ಹೆಸರು ಬಂದದ್ದರಿಂದ ಒಂದು ಮಾತು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಮ್ಮ ಜಿ.ಆರ್. ವಿಶ್ವನಾಥ್ ಔಟಾಗದೆ 97 ರನ್ ಹೊಡೆದರು. ತಂಡದ ಒಟ್ಟು ಮೊತ್ತ 190, ಎದುರಿಗೆ ಏಳು ವಿಕೆಟ್ ಕಿತ್ತ ಆ್ಯಂಡಿ ರಾಬರ್ಟ್ಸ್. ಶತಕಗಳ ಪಟ್ಟಿಯಲ್ಲಿ ಆ ಇನಿಂಗ್ಸ್ ಇಲ್ಲ. ಆದರೆ ಆ ಸ್ಕ್ವೇರ್ ಕಟ್‌ಗಳ ಬಗ್ಗೆ ಮಾತು ಶುರುವಾದಾಗಲೆಲ್ಲ ನಮ್ಮವರ ಬಾಯಲ್ಲಿ ಮೊದಲು ಬರುವುದು 97 ಎಂಬ ಸಂಖ್ಯೆಯೇ, ಅದರ ಹಿಂದೆಯೇ 190. ಪಟ್ಟಿ ಕೈಬಿಟ್ಟದ್ದನ್ನು ಸ್ಕೋರ್‌ಕಾರ್ಡ್ ಹಿಡಿದಿಟ್ಟಿದೆ. ಬೇಸ್‌ಬಾಲ್‌ನಲ್ಲಿಯೂ ಹೀಗೆ ಸಂಖ್ಯೆಯೇ ಕಥೆಯಾದ ಪ್ರಸಂಗಗಳಿವೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಪೆನ್ಸಿಲ್ ಮತ್ತು ಸ್ಕೋರ್‌ಕಾರ್ಡ್:

ಇದೆ ಸರ್. 1941ರ ಸೆಪ್ಟೆಂಬರ್ 28, ಋತುವಿನ ಕೊನೆಯ ದಿನ. ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಅವರ ಬ್ಯಾಟಿಂಗ್ ಸರಾಸರಿ (ಹಿಟ್‌ಗಳನ್ನು ಬ್ಯಾಟಿಂಗ್ ಅವಕಾಶಗಳಿಂದ ಭಾಗಿಸಿದ ಅಂಕಿ) .39955 ಇತ್ತು. ಮೂರು ಅಂಕಿಗೆ ಸರಿಹೊಂದಿಸಿದರೆ ಅದು .400 ಆಗುತ್ತದೆ. ಬೇಕಿದ್ದರೆ ಅಂದು ವಿಶ್ರಾಂತಿ ತೆಗೆದುಕೊಳ್ಳಬಹುದೆಂದು ಮ್ಯಾನೇಜರ್ ಜೋ ಕ್ರೋನಿನ್ ಹೇಳಿದ್ದರು. ವಿಲಿಯಮ್ಸ್ ಒಪ್ಪಲಿಲ್ಲ. ಫಿಲಡೆಲ್ಫಿಯಾದಲ್ಲಿ ಅಂದು ಒಂದರ ಹಿಂದೊಂದು ನಡೆದ ಎರಡೂ ಪಂದ್ಯಗಳನ್ನು ಆಡಿ, ಎಂಟು ಅವಕಾಶಗಳಲ್ಲಿ ಆರು ಹಿಟ್ ಹೊಡೆದು, .406ಕ್ಕೆ ಋತುವನ್ನು ಮುಗಿಸಿದರು. ಇಂದಿನ ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಆಮೇಲೆ ಯಾರೂ ನಾನೂರನ್ನು (.400) ಮುಟ್ಟಿಲ್ಲ. ಸಂಖ್ಯೆಯೇ ಇಲ್ಲದಿದ್ದರೆ ಅದು ಋತುವಿನ ತುದಿಯಲ್ಲಿ, ಪ್ರಶಸ್ತಿಗೆ ಸಂಬಂಧವಿಲ್ಲದ ಎರಡು ತಂಡಗಳ ಎರಡು ನಿಸ್ಸಾರ ಪಂದ್ಯಗಳಾಗಿ ಮರೆತುಹೋಗುತ್ತಿತ್ತು.

ಓಕ್ಲೆಂಡ್ ಕಡೆಯವನು:

ವಿಲಿಯಮ್ಸ್ ಅವರ ಪ್ರಸಂಗ ಅಭಿಮಾನಿಗಳ ಲೆಕ್ಕದ ಬಗ್ಗೆ ಮಾತನಾಡುತ್ತದೆ. ಸ್ನೆಲ್ ಅವರದು ತಂಡದ ಕಚೇರಿಯವರ ಲೆಕ್ಕದ ಬಗ್ಗೆ. ಇವೆರಡನ್ನು ಒಂದೇ ತಕ್ಕಡಿಗೆ ಹಾಕುತ್ತಿರುವುದರಿಂದಲೇ ಈ ವಾದ ಇದ್ದಲ್ಲೇ ಸುತ್ತುತ್ತಿದೆ ಎಂದು ನನ್ನ ಅಭಿಪ್ರಾಯ.

ಎರಡನೆಯ ಬಗೆಯ ಲೆಕ್ಕ ಹುಟ್ಟಿದ್ದು ಕೂಡ ಅಭಿಮಾನಿಯೊಬ್ಬರ ಮನೆಯಲ್ಲೇ. ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ ಡಬ್ಬಿ ಆಹಾರದ ಕಾರ್ಖಾನೆಯೊಂದರ ರಾತ್ರಿ ಪಾಳಿಯ ಕಾವಲುಗಾರರಾಗಿದ್ದ ಬಿಲ್ ಜೇಮ್ಸ್, 1977ರಲ್ಲಿ ತಮ್ಮ ಖರ್ಚಿನಲ್ಲೇ ಬೇಸ್‌ಬಾಲ್ ಲೆಕ್ಕಗಳ ಒಂದು ಹೊತ್ತಿಗೆಯನ್ನು ಪ್ರಕಟಿಸಿದರು. ತಂಡಗಳು ಅವರತ್ತ ತಿರುಗಿ ನೋಡಲು ವರ್ಷಗಳೇ ಹಿಡಿದವು. ಆದರೆ 2002ರಲ್ಲಿ ನಮ್ಮ ಓಕ್ಲೆಂಡ್ ಅಥ್ಲೆಟಿಕ್ಸ್, ಹೆಚ್ಚು ದುಡ್ಡಿಲ್ಲದೆಯೂ, ಬೇಸ್ ಸೇರುವ ಸಾಮರ್ಥ್ಯಕ್ಕೆ ಮಾರುಕಟ್ಟೆಯಲ್ಲಿ ಸರಿಯಾದ ಬೆಲೆ ಇಲ್ಲವೆಂಬುದನ್ನು ಕಂಡುಕೊಂಡು ಸತತ 20 ಪಂದ್ಯ ಗೆದ್ದಿತು, ಋತುವಿನಲ್ಲಿ 103 ಪಂದ್ಯ ಗೆದ್ದಿತು. ಜೇಮ್ಸ್ ಅವರನ್ನು ರೆಡ್ ಸಾಕ್ಸ್ ಕೆಲಸಕ್ಕೆ ಕರೆದುಕೊಂಡಿತು, ಮತ್ತು 2004ರಲ್ಲಿ ಆ ತಂಡ 86 ವರ್ಷಗಳ ಬಳಿಕ ವರ್ಲ್ಡ್ ಸೀರೀಸ್ ಗೆದ್ದಿತು. ಬಡ ತಂಡದ ಅಭಿಮಾನಿಗೆ ಆ ವರ್ಷಗಳಲ್ಲಿ ಲೆಕ್ಕ ಎಂಬುದು ಒಂದು ಆಯುಧವಾಗಿತ್ತು. ಶ್ರೀಮಂತರೂ ಅದೇ ಆಯುಧವನ್ನು ಕೊಂಡ ಮೇಲೆ ಸೊಗಸು ಹೋಯಿತು ಎಂಬುದನ್ನು ನಾನೂ ಒಪ್ಪುತ್ತೇನೆ.

ಲೆಕ್ಕವನ್ನು ಮೀರಿದ್ದು ಆಟದಲ್ಲಿದೆ ಎಂಬುದಕ್ಕೂ ಓಕ್ಲೆಂಡ್‌ನದೇ ಸಾಕ್ಷಿ ಇದೆ, ನೋವಿನ ಸಾಕ್ಷಿ. 2001ರ ಅಕ್ಟೋಬರ್ 13ರಂದು ನಮ್ಮೆದುರಿನ ಸರಣಿಯ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್ 1-0 ಮುಂದಿದ್ದಾಗ, ಏಳನೇ ಇನಿಂಗ್ಸ್‌ನಲ್ಲಿ ನಮ್ಮ ಟೆರೆನ್ಸ್ ಲಾಂಗ್ ಬಲ ಮೂಲೆಗೆ ಚೆಂಡನ್ನು ಹೊಡೆದರು, ಜೆರೆಮಿ ಜಿಯಾಂಬಿ ಮೊದಲ ಬೇಸ್‌ನಿಂದ ಓಡತೊಡಗಿದರು. ಹೊರ ಮೈದಾನದಿಂದ ಬಂದ ಎಸೆತ ನಡುವೆ ನಿಂತಿದ್ದ ಇಬ್ಬರ ತಲೆಯ ಮೇಲೂ ಹಾದುಹೋಯಿತು. ಶಾರ್ಟ್‌ಸ್ಟಾಪ್ ಆದ ಡೆರೆಕ್ ಜೀಟರ್‌ಗೆ ಅಲ್ಲಿ ಕೆಲಸವೇ ಇಲ್ಲ ಎನಿಸುತ್ತಿತ್ತು. ಆದರೂ ಮೈದಾನವನ್ನು ಅಡ್ಡಡ್ಡ ದಾಟಿ ಓಡಿ ಬಂದು, ಪುಟಿದ ಚೆಂಡನ್ನು ಹಿಡಿದು, ಓಟ ನಿಲ್ಲಿಸದೆ ಕ್ಯಾಚರ್ ಹೋರ್ಹೆ ಪೊಸಾಡಾ ಕಡೆಗೆ ಪಕ್ಕಕ್ಕೆ ಚಿಮ್ಮಿಸಿದರು. ನೆಲಕ್ಕೆ ಬಿದ್ದು ಪ್ಲೇಟ್ ಕಡೆಗೆ ಜಾರದೆ ನಿಂತಂತೆಯೇ ಓಡಿ ಬಂದ ಜಿಯಾಂಬಿ ಔಟಾದರು. ಮೊದಲೆರಡು ಪಂದ್ಯ ಸೋತಿದ್ದ ಯಾಂಕೀಸ್ ಅಲ್ಲಿಂದ ಸರಣಿಯನ್ನೇ ಗೆದ್ದಿತು.

ಜೀಟರ್ ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಐದು ಬಾರಿ ಪಡೆದವರು. ಆದರೆ ಅವರ ಫೀಲ್ಡಿಂಗ್ ಸರಾಸರಿಗಿಂತ ಸಾಕಷ್ಟು ಕೆಳಗಿತ್ತು ಎಂದು ಹೊಸ ಲೆಕ್ಕಗಳೆಲ್ಲ ಹೇಳುತ್ತವೆ. ಆ ಲೆಕ್ಕ ಸರಿ ಎಂದೇ ನಾನು ನಂಬುತ್ತೇನೆ. ಸಾವಿರಾರು ಸಾಮಾನ್ಯ ಚೆಂಡುಗಳಲ್ಲಿ ಅವರಿಗೆ ಎಟುಕದೆ ಹೋದವು ಎಷ್ಟೋ. ನಮ್ಮ ಕಣ್ಣು ಎಟುಕಿದ್ದನ್ನು ಮಾತ್ರ ನೆನಪಿಟ್ಟುಕೊಂಡಿತು. ಅಷ್ಟೆಲ್ಲ ಗೊತ್ತಿದ್ದರೂ, ಆ ರಾತ್ರಿಯ ಚಿತ್ರ ಬಂದಾಗ ಪ್ರತಿ ಸಲವೂ ಜಿಯಾಂಬಿ ಜಾರಲಿ ಎಂದು ಇಂದಿಗೂ ಬೇಡಿಕೊಳ್ಳುತ್ತೇನೆ.

ಮೂರನೇ ಬೇಸ್:

ಕಚೇರಿಯ ಲೆಕ್ಕ ಬೇರೆ, ಪ್ರೇಕ್ಷಕರ ಲೆಕ್ಕ ಬೇರೆ ಎಂಬ ವಿಂಗಡಣೆಯನ್ನು ಒಪ್ಪಬಹುದಿತ್ತು, ಕಚೇರಿಯ ಲೆಕ್ಕ ಮೈದಾನಕ್ಕೆ ಇಳಿಯದೇ ಇದ್ದಿದ್ದರೆ. ಹೋಂ ರನ್ ಬಂದರೆ ಲಾಭ, ಅದಕ್ಕಾಗಿ ಸ್ಟ್ರೈಕ್‌ಔಟ್ ಆದರೂ ನಷ್ಟವಿಲ್ಲ ಎಂದು ಲೆಕ್ಕ ಹೇಳಿತು. ಎಲ್ಲರೂ ಚೆಂಡನ್ನು ಮೇಲಕ್ಕೆತ್ತಿ ಹೊಡೆಯಲು ಕಲಿತರು. ಸುಸ್ತಾಗದ ಪಿಚರ್‌ಗಳನ್ನು ಒಬ್ಬರ ಹಿಂದೊಬ್ಬರಂತೆ ಕರೆತನ್ನಿ ಎಂದು ಲೆಕ್ಕ ಹೇಳಿತು. ಆರನೇ ಇನಿಂಗ್ಸ್‌ನಿಂದ ಬುಲ್‌ಪೆನ್ (ಬದಲಿ ಪಿಚರ್‌ಗಳು ಕಾಯುವ ಜಾಗ) ಬಾಗಿಲು ತೆರೆಯುವುದನ್ನೂ ಮುಚ್ಚುವುದನ್ನೂ ನೋಡುತ್ತ ಕೂರುವ ಸ್ಥಿತಿ ಬಂತು. ಪರಿಣಾಮವಾಗಿ 2018ರಲ್ಲಿ, ಮೇಜರ್ ಲೀಗ್ ಇತಿಹಾಸದಲ್ಲೇ ಮೊದಲ ಬಾರಿಗೆ, ಇಡೀ ಋತುವಿನ ಹಿಟ್‌ಗಳಿಗಿಂತ ಸ್ಟ್ರೈಕ್‌ಔಟ್‌ಗಳ ಸಂಖ್ಯೆ ಹೆಚ್ಚಾಯಿತು. ಚೆಂಡು ಬ್ಯಾಟಿಗೆ ತಗಲಿ, ನೆಲದ ಮೇಲೆ ಓಡಿ, ಫೀಲ್ಡರ್‌ಗಳು ಧಾವಿಸಿ, ಓಟಗಾರ ಬೇಸ್‌ಗೆ ಹಾರುವ ಆಟವನ್ನು ನೋಡಲು ಬಂದವರಿಗೆ ಸಿಕ್ಕಿದ್ದು ನಿಂತೇ ನಡೆಯುವ ಆಟ.

ಶಿಫ್ಟ್ ಬಗ್ಗೆಯೂ ಹೇಳಬೇಕು. ಎಡಗೈ ಬ್ಯಾಟರ್ ಬಲಕ್ಕೆ ಹೊಡೆಯುತ್ತಾರೆಂದು ಗೊತ್ತಾದೊಡನೆ ಮೂವರು ಇನ್‌ಫೀಲ್ಡರ್‌ಗಳು ಆ ಕಡೆಗೇ ಬಂದು ನಿಲ್ಲುತ್ತಿದ್ದರು, ಒಬ್ಬರಂತೂ ಹೊರ ಮೈದಾನದ ಹುಲ್ಲಿನ ಮೇಲೆ. ಕಣ್ಣಿಗೆ ಖಚಿತ ಹಿಟ್ ಎನಿಸುವ ಚೆಂಡು ಅಲ್ಲಿ ಮೊದಲೇ ಕಾದು ನಿಂತವರ ಕೈಗೆ ಹೋಗಿ ಸೇರುತ್ತಿತ್ತು. ಪ್ರೇಕ್ಷಕನ ಕಣ್ಣು ಜೀವಮಾನವಿಡೀ ಕಲಿತದ್ದನ್ನು ಸುಳ್ಳಾಗಿಸುವ ಆಟದಲ್ಲಿ ಯಾವ ಸುಖವಿದೆ?

ಪೆನ್ಸಿಲ್ ಮತ್ತು ಸ್ಕೋರ್‌ಕಾರ್ಡ್:

ಶಿಫ್ಟ್ ಕಂಪ್ಯೂಟರ್‌ನ ಕೂಸಲ್ಲ. 1946ರಲ್ಲೇ ಕ್ಲೀವ್‌ಲ್ಯಾಂಡ್‌ನ ಲೂ ಬೂಡ್ರೋ, ಇದೇ ಟೆಡ್ ವಿಲಿಯಮ್ಸ್ ಅವರನ್ನು ಕಟ್ಟಿಹಾಕಲು ಬಹುತೇಕ ಫೀಲ್ಡರ್‌ಗಳನ್ನು ಬಲಕ್ಕೆ ಎಳೆದಿದ್ದರು.

ಇನ್ನು ಆಟ ಜಡವಾದದ್ದು ನಿಜ. ಅದಕ್ಕೆ ಮದ್ದು ಸಿಕ್ಕಿದ್ದೂ ನಿಜ. 2023ರಲ್ಲಿ ಎರಡನೇ ಬೇಸ್‌ನ ಎರಡೂ ಕಡೆ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು ಇರಲೇಬೇಕೆಂಬ ನಿಯಮ ಬಂತು. ಬೇಸ್‌ಗಳ ಅಗಲ 15 ಇಂಚಿನಿಂದ 18 ಇಂಚಿಗೆ ಏರಿತು. ಪಿಚರ್ ನಿಗದಿತ ಸೆಕೆಂಡುಗಳಲ್ಲಿ ಎಸೆಯಲೇಬೇಕೆನ್ನುವ ಪಿಚ್ ಗಡಿಯಾರ ಬಂದು, 2021ರಲ್ಲಿ ಸರಾಸರಿ 3 ಗಂಟೆ 10 ನಿಮಿಷ ಎಳೆಯುತ್ತಿದ್ದ ಒಂಬತ್ತು ಇನಿಂಗ್ಸ್‌ಗಳ ಪಂದ್ಯ 2 ಗಂಟೆ 40 ನಿಮಿಷದ ಆಸುಪಾಸಿಗೆ ಇಳಿಯಿತು. ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡುವ, ಅಂದರೆ ಬೇಸ್ ಕದಿಯುವ ಆಟ ಮತ್ತೆ ಜೀವ ಪಡೆಯಿತು. ಎಲ್ಲಿ ಸಮಯ ಸೋರುತ್ತಿದೆ, ಯಾವ ಹಿಟ್ ಸಾಯುತ್ತಿದೆ ಎಂಬುದನ್ನು ತೋರಿಸಿಕೊಟ್ಟದ್ದು ಕೂಡ ಲೆಕ್ಕವೇ. ಮೂರನೇ ಬೇಸ್ ಅವರ ದೂರು 2022ರವರೆಗೆ ನ್ಯಾಯವಾದದ್ದು. ಈಗ ಅದರ ಅರ್ಧ ಭಾಗ ಹಳೆಯದಾಗಿದೆ.

ಬ್ಲೀಚರ್ಸ್ ಭಾಮೆ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ತಕರಾರು ತಂಡದ ಕಚೇರಿಯ ಬಗ್ಗೆಯೂ ಅಲ್ಲ, ಸ್ಕೋರ್‌ಕಾರ್ಡ್ ಬಗ್ಗೆಯೂ ಅಲ್ಲ, ಟಿ.ವಿ. ಪರದೆಯ ಬಗ್ಗೆ. 2015ರಿಂದ ಎಲ್ಲ ಮೈದಾನಗಳಲ್ಲೂ ಚೆಂಡಿನ ಚಲನೆಯನ್ನು ಅಳೆಯುವ ಸ್ಟಾಟ್‌ಕಾಸ್ಟ್ ವ್ಯವಸ್ಥೆ ಬಂದ ಮೇಲೆ, ಚೆಂಡು ಬ್ಯಾಟ್ ಬಿಟ್ಟ ವೇಗ, ಮೇಲೇರಿದ ಕೋನ, ಹೋದ ದೂರ, ಇವೆಲ್ಲ ಕ್ಷಣಾರ್ಧದಲ್ಲಿ ಕಣ್ಣೆದುರು ಬರುತ್ತವೆ. ಹೋಂ ರನ್ ಆದ ಮರುಕ್ಷಣ ನನಗೆ ನೋಡಬೇಕಾಗಿರುವುದು ಪಿಚರ್‌ನ ಮುಖ, ಡಗೌಟ್‌ನ ಕುಣಿತ. ತೋರಿಸುವುದು ಗಂಟೆಗೆ ಎಷ್ಟು ಮೈಲಿ ಎಂಬ ಫಲಕ. ಅದಕ್ಕಿಂತ ಕೆಟ್ಟದ್ದು ಗೆಲುವಿನ ಸಾಧ್ಯತೆಯ ಶೇಕಡಾವಾರು. ಎಂಟನೇ ಇನಿಂಗ್ಸ್‌ನಲ್ಲಿ ನನ್ನ ತಂಡಕ್ಕೆ ಶೇ 4 ಎಂದು ಬರೆದುಕೊಂಡು ಕೂತರೆ ನಮ್ಮ ಮನೆಯಲ್ಲಿ ಅರ್ಧ ಜನ ಮಲಗಲು ಎದ್ದು ಹೋಗುತ್ತಾರೆ.

ಹಾಗೆಂದು ಹೊಸ ಲೆಕ್ಕಗಳೆಲ್ಲ ಬೇಡವೆನ್ನುವುದಿಲ್ಲ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಅವರ ಗೆಲುವು-ಸೋಲಿನ ದಾಖಲೆ 10-9 ಮಾತ್ರ. ಹಳೆಯ ಕಾಲವಾಗಿದ್ದರೆ ಸಾಧಾರಣ ಪಿಚರ್ ಎಂದು ಬದಿಗೆ ಸರಿಸುತ್ತಿದ್ದರು. ಅವರ ಇ.ಆರ್.ಎ. (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) 1.70 ಇತ್ತು, ರನ್ ಹೊಡೆಯದೆ ಕೈಕೊಟ್ಟದ್ದು ಅವರದೇ ಬ್ಯಾಟರ್‌ಗಳು. ಅದು ಎಲ್ಲರಿಗೂ ಅರ್ಥವಾಗಿದ್ದರಿಂದಲೇ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೆ ಬಂತು. ಅಂತಹ ಅರಿವು ಬೇಕು, ಆದರೆ ಪಂದ್ಯ ಮುಗಿದ ಮೇಲೆ ಬರಲಿ ಎಂಬುದಷ್ಟೇ ನನ್ನ ಕೋರಿಕೆ.

ಓಕ್ಲೆಂಡ್ ಕಡೆಯವನು:

ಶೇಕಡಾವಾರಿನ ವಿಷಯದಲ್ಲಿ ಮೇಡಂ ಅವರೊಂದಿಗೆ ನನ್ನ ಭಿನ್ನಮತವಿದೆ. 2011ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್, ಇನ್ನೊಂದು ಸ್ಟ್ರೈಕ್ ಬಿದ್ದರೆ ಸರಣಿಯೇ ಕೈಬಿಡುವ ಸ್ಥಿತಿಗೆ ಒಮ್ಮೆಯಲ್ಲ, ಎರಡು ಬಾರಿ ತಲುಪಿತ್ತು. ಒಂಬತ್ತನೇ ಇನಿಂಗ್ಸ್‌ನಲ್ಲಿ ಡೇವಿಡ್ ಫ್ರೀಸ್ ಟ್ರಿಪಲ್ (ಮೂರನೇ ಬೇಸ್ ತಲುಪಿಸುವ ಹಿಟ್) ಹೊಡೆದು ಸಮ ಮಾಡಿದರು. ಹತ್ತರಲ್ಲಿ ಲ್ಯಾನ್ಸ್ ಬರ್ಕ್‌ಮನ್ ಮತ್ತೆ ಸಮ ಮಾಡಿದರು. ಹನ್ನೊಂದರಲ್ಲಿ ಫ್ರೀಸ್ ಹೋಂ ರನ್ ಹೊಡೆದು 10-9ರಿಂದ ಗೆಲ್ಲಿಸಿದರು. ಆ ಪಂದ್ಯದ ಗೆಲುವಿನ ಸಾಧ್ಯತೆಯ ರೇಖೆಯನ್ನು ನೋಡಿದರೆ ತಳ ಮುಟ್ಟಿದ ಗೆರೆ ನೆಟ್ಟಗೆ ಮೇಲೇಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಅಸಾಧ್ಯ ಎಷ್ಟು ಅಸಾಧ್ಯವಾಗಿತ್ತು ಎಂಬುದನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಶೇ 4 ನೋಡಿ ಮಲಗಲು ಹೋದವರು ಅಂಕಿಯನ್ನು ತಪ್ಪಾಗಿ ಓದಿದ್ದಾರೆ. ಇಪ್ಪತ್ತೈದರಲ್ಲಿ ಒಂದು ರಾತ್ರಿ ಅವರು ಪಶ್ಚಾತ್ತಾಪ ಪಡುತ್ತಾರೆ.

ಪೆನ್ಸಿಲ್ ಅವರು ಹೇಳದೆ ಬಿಟ್ಟ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಕಪ್ಪು ಜನರನ್ನು ಮೇಜರ್ ಲೀಗ್‌ಗಳು ಹೊರಗಿಟ್ಟಿದ್ದ ಕಾಲದ ನೀಗ್ರೋ ಲೀಗ್‌ಗಳ ಅಂಕಿಗಳನ್ನು 2024ರ ಮೇ ತಿಂಗಳಲ್ಲಿ ಅಧಿಕೃತ ದಾಖಲೆಗೆ ಸೇರಿಸಲಾಯಿತು. ಜೋಶ್ ಗಿಬ್ಸನ್ ಅವರ ವೃತ್ತಿ ಸರಾಸರಿ .372 ಎಂದು ನಿಗದಿಯಾಗಿ, ದಶಕಗಳ ಕಾಲ ತುದಿಯಲ್ಲಿದ್ದ ಟೈ ಕಾಬ್ ಅವರ .367 ಎರಡನೇ ಸ್ಥಾನಕ್ಕೆ ಇಳಿಯಿತು. ಗಿಬ್ಸನ್ 1947ರಲ್ಲೇ ತೀರಿಕೊಂಡಿದ್ದರು. ಹಳೆಯ ಪತ್ರಿಕೆಗಳ ಬಾಕ್ಸ್ ಸ್ಕೋರ್‌ಗಳನ್ನು ಒಂದೊಂದಾಗಿ ಹುಡುಕಿ ತೆಗೆದ ಸಂಶೋಧಕರಿಲ್ಲದಿದ್ದರೆ ಅವರು ದಂತಕಥೆಯಾಗಿ ಮಾತ್ರ ಉಳಿಯುತ್ತಿದ್ದರು, ಮತ್ತು ದಂತಕಥೆಯನ್ನು ತಳ್ಳಿಹಾಕುವುದು ಸುಲಭ.

ಮೂರನೇ ಬೇಸ್:

ಗಿಬ್ಸನ್ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಸ್ನೆಲ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಪೆನ್ಸಿಲ್ ಮತ್ತು ಸ್ಕೋರ್‌ಕಾರ್ಡ್:

ಕೊಡುತ್ತೇನೆ. ಮೂರನೇ ಸುತ್ತಿನ ಸಿದ್ಧಾಂತ ಸಾವಿರಾರು ಪಿಚರ್‌ಗಳ ಸರಾಸರಿಯಿಂದ ಬಂದದ್ದು. ಆ ರಾತ್ರಿಯ ಸ್ನೆಲ್ ಆ ಸರಾಸರಿಯ ಪಿಚರ್ ಆಗಿರಲಿಲ್ಲ ಎಂಬುದಕ್ಕೆ ಆ ರಾತ್ರಿಯದೇ ಅಂಕಿಗಳಿದ್ದವು. ಅತ್ತ ನಿಕ್ ಆಂಡರ್ಸನ್ ಅದಕ್ಕೂ ಹಿಂದಿನ ಪಂದ್ಯಗಳಲ್ಲಿ ಸತತವಾಗಿ ರನ್ ಬಿಟ್ಟುಕೊಡುತ್ತ ಬಂದಿದ್ದರು. ಅದೂ ಕಾಗದದ ಮೇಲೆಯೇ ಇತ್ತು. ಇದ್ದ ಅಂಕಿಗಳಲ್ಲಿ ಒಂದನ್ನು ಮಾತ್ರ ನೋಡಿ ಉಳಿದವನ್ನು ಬಿಟ್ಟ ತೀರ್ಮಾನವನ್ನು ಅಂಕಿಗಳ ತಪ್ಪು ಎನ್ನಲಾಗದು.

ಇನ್ನೊಂದು ತುದಿಯ ಉದಾಹರಣೆ 1988ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಡಾಡ್ಜರ್ಸ್ ವಿರುದ್ಧ ಓಕ್ಲೆಂಡ್ 4-3 ಮುಂದಿತ್ತು. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್. ಎರಡೂ ಕಾಲು ಕೈಕೊಟ್ಟಿದ್ದ ಡಾಡ್ಜರ್ಸ್‌ನ ಕರ್ಕ್ ಗಿಬ್ಸನ್ (ಜೋಶ್ ಅಲ್ಲ, ಬೇರೆಯವರು) ಕುಂಟುತ್ತ ಬ್ಯಾಟ್ ಹಿಡಿದು ಬಂದರು, ಎದುರಿಗೆ ಓಕ್ಲೆಂಡ್‌ನ ಪಿಚರ್ ಡೆನಿಸ್ ಎಕರ್ಸ್ಲಿ. ಎಸೆತಗಳ ಲೆಕ್ಕ 3-2ಕ್ಕೆ (ಮೂರು ಬಾಲ್, ಅಂದರೆ ಗುರಿವಲಯದ ಹೊರಗಿನ ಎಸೆತ, ಎರಡು ಸ್ಟ್ರೈಕ್) ಬಂದಾಗ ಎಡಗೈ ಬ್ಯಾಟರ್‌ಗಳಿಗೆ ಎಕರ್ಸ್ಲಿ ಹೊರಗಿನಿಂದ ಒಳಗೆ ತಿರುಗುವ ಸ್ಲೈಡರ್ ಎಸೆಯುತ್ತಾರೆ ಎಂದು ಡಾಡ್ಜರ್ಸ್ ತಂಡದ ಸ್ಕೌಟ್ (ಎದುರಾಳಿಗಳನ್ನು ಗಮನಿಸಿ ವರದಿ ಕೊಡುವವರು) ಮೆಲ್ ಡಿಡಿಯರ್ ಮೊದಲೇ ಹೇಳಿಟ್ಟಿದ್ದರು. 3-2 ಆಯಿತು, ಗಿಬ್ಸನ್ ಒಮ್ಮೆ ಹಿಂದೆ ಸರಿದು ಅದನ್ನು ನೆನಪಿಸಿಕೊಂಡರು, ಸ್ಲೈಡರ್ ಬಂತು, ಚೆಂಡು ಬಲಭಾಗದ ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಆ ಸರಣಿಯಲ್ಲಿ ಅವರು ಬ್ಯಾಟ್ ಹಿಡಿದದ್ದು ಅದೊಂದೇ ಸಲ. ಧೈರ್ಯದ ಕಥೆಯೆಂದೇ ಎಲ್ಲರೂ ಅದನ್ನು ಹೇಳುತ್ತಾರೆ. ಅದರೊಳಗೆ ಸ್ಕೌಟ್ ಒಬ್ಬರ ಟಿಪ್ಪಣಿ ಇದೆ ಎಂದು ತಿಳಿದ ಮೇಲೆ ನನಗಂತೂ ಸುಖ ಇಮ್ಮಡಿಯಾಯಿತು.

ಮೂರನೇ ಬೇಸ್:

ಡಿಡಿಯರ್ ಮಾತನ್ನು ಕೇಳಿದ ಮೇಲೂ ಹೊಡೆಯಬೇಕಾದವರು ಗಿಬ್ಸನ್ ಅವರೇ ಆಗಿದ್ದರು. ಆಟಗಾರನ ಕೈಗೆ ಮಾಹಿತಿ ಕೊಟ್ಟು ಅವನನ್ನು ಆಡಲು ಬಿಟ್ಟರು. ಆರ್ಲಿಂಗ್ಟನ್‌ನಲ್ಲಿ ಮಾಹಿತಿ ನೋಡಿ ಆಟಗಾರನನ್ನೇ ಹೊರಗೆ ಕಳಿಸಿದರು. ಈ ವ್ಯತ್ಯಾಸವನ್ನು ನೀವು ಒಪ್ಪುವುದಾದರೆ ನನ್ನ ತಕರಾರು ಬಹುಮಟ್ಟಿಗೆ ಅಷ್ಟೇ.

ಹಳೇ ಟೆಸ್ಟ್ ಪ್ರೇಕ್ಷಕ:

ಮುಂದಿನ ವಾರ ಊರಿನಿಂದ ನನ್ನ ತಮ್ಮ ಬರುತ್ತಿದ್ದಾನೆ, ಅವನನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುತ್ತೇನೆ. ಬೇಸ್‌ಬಾಲ್‌ನ ಗಂಧಗಾಳಿ ಇಲ್ಲ ಅವನಿಗೆ. ಇಷ್ಟೆಲ್ಲ ಲೆಕ್ಕಗಳಲ್ಲಿ ಅವನಿಗೆ ಯಾವುದನ್ನು ಹೇಳಿಕೊಡಲಿ?

ಬ್ಲೀಚರ್ಸ್ ಭಾಮೆ:

ಬಾಲ್ ಎಷ್ಟು, ಸ್ಟ್ರೈಕ್ ಎಷ್ಟು ಎಂಬ ಲೆಕ್ಕವೊಂದೇ ಸಾಕು ಸರ್, ಬೇರೇನೂ ಬೇಡ. 3-0 ಆದಾಗ ಪಿಚರ್ ನಡುವೆಯೇ ಎಸೆಯಬೇಕಾದ ಒತ್ತಡದಲ್ಲಿರುತ್ತಾರೆ. 0-2 ಆದಾಗ ಕೆಲವು ಬ್ಯಾಟರ್‌ಗಳು ಎಚ್ಚರಿಕೆಯಿಂದ ಬ್ಯಾಟನ್ನು ಸ್ವಲ್ಪ ಮೇಲಕ್ಕೆ ಹಿಡಿಯುತ್ತಾರೆ, ಮತ್ತು ಆ ಸ್ಥಿತಿಯಲ್ಲಿ ಇಡೀ ಲೀಗಿನ ಬ್ಯಾಟಿಂಗ್ ಸರಾಸರಿ ಇನ್ನೂರಕ್ಕಿಂತ (.200) ಕೆಳಗೆ ಬೀಳುತ್ತದೆ. ಫಲಕದಲ್ಲಿ ಆ ಎರಡು ಅಂಕಿ ಬದಲಾದಾಗಲೆಲ್ಲ ಇಬ್ಬರ ಮೈಭಾಷೆ ಹೇಗೆ ಬದಲಾಗುತ್ತದೆ ನೋಡು ಎನ್ನಿ. ಮೂರನೇ ಇನಿಂಗ್ಸ್ ಹೊತ್ತಿಗೆ ಅವರೇ ನಿಮ್ಮನ್ನು ಪ್ರಶ್ನೆ ಕೇಳತೊಡಗುತ್ತಾರೆ.

ಪೆನ್ಸಿಲ್ ಮತ್ತು ಸ್ಕೋರ್‌ಕಾರ್ಡ್:

ಒಪ್ಪಿದೆ. ಒಳಗೆ ಹೋಗುವಾಗ ಸ್ಕೋರ್‌ಕಾರ್ಡ್ ಒಂದನ್ನು ಕೊಂಡುಕೊಳ್ಳಿ, ಪೆನ್ಸಿಲ್ ಮನೆಯಿಂದಲೇ ಒಯ್ಯಿರಿ; ಅಳಿಸಬೇಕಾಗುತ್ತದೆ.